ಇಲಿ ಬಿಲ ಎಣಿಸಿದ ರಾಜ್ಯ

ಸರ್ಕಾರಿ ಕಣಜದಲ್ಲಿ ಎಷ್ಟು ಇಲಿ ಬಿಲ ಕಂಡರೆ ಅಧಿಕಾರಿಗೆ ದಂಡ ಹಾಕಬೇಕು? ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಗುರಾಣಿಯ ಬೆಲೆಯಷ್ಟು ದಂಡ. ಒಂದೋ ಎರಡೋ ಇದ್ದರೆ ಛೀಮಾರಿ ಹಾಕಿ ಬಿಟ್ಟರೆ ಸಾಕು. ಬಿಲ ಚಿಟ್ಟಿಲಿಯದ್ದಾಗಿದ್ದರೆ? ಚಿಟ್ಟಿಲಿಯ ಮೂರು ಬಿಲ ಸೇರಿ ಇಲಿಯ ಒಂದು ಬಿಲಕ್ಕೆ ಸಮ.

ನಗು ಬಂದರೆ ನಕ್ಕುಬಿಡಿ, ಪರವಾಗಿಲ್ಲ. ಇದು ಕ್ರಿ.ಪೂ. ಮೂರನೇ ಶತಮಾನದಲ್ಲಿ ಚಿನ್ ಎಂಬ ರಾಜ್ಯದಲ್ಲಿ ನಿಜವಾಗಿ ಜಾರಿಯಲ್ಲಿದ್ದ ನಿಯಮ. 1975ರಲ್ಲಿ ಚೀನಾದ ಹುಬೈ ಪ್ರಾಂತ್ಯದ ಯುನ್‌ಮೆಂಗ್‌ನಲ್ಲಿ, ಶುಯಿಹುದಿ ಅನ್ನುವ ಜಾಗದಲ್ಲಿ ಕಾಲುವೆ ಅಗೆಯುವಾಗ ಹಳೆಯ ಸಮಾಧಿಗಳು ಸಿಕ್ಕವು. ಅದರಲ್ಲಿ ಹನ್ನೊಂದನೇ ನಂಬರಿನ ಸಮಾಧಿ ಶೀ ಎಂಬ ಒಬ್ಬ ಗುಮಾಸ್ತನದು. ಅಸ್ಥಿಪಂಜರದ ತಲೆಯ ಹತ್ತಿರ, ಹೊಟ್ಟೆಯ ಮೇಲೆ, ಕಾಲ ಬುಡದಲ್ಲಿ ಒಟ್ಟು 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು. ಒಂದೊಂದರ ಮೇಲೂ ಮಸಿಯಲ್ಲಿ ಬರೆದ ಅಕ್ಷರ. ದೊರೆಗಳು ಸತ್ತರೆ ಜತೆಗೆ ಕಂಚಿನ ಪಾತ್ರೆ, ಪಚ್ಚೆಯ ಒಡವೆ ಹೂಳುತ್ತಿದ್ದ ಕಾಲ ಅದು. ಈ ಮನುಷ್ಯನ ಜತೆ ಹೂತದ್ದು ಕಾನೂನಿನ ಕಡತ.

ಇವತ್ತಿನ ಉಪನ್ಯಾಸಕ್ಕೆ 'ಕಾದಾಡುವ ರಾಜ್ಯಗಳ ಕಾಲ' ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿದ ಕೂಡಲೇ ರಥ, ಕತ್ತಿ, ಸೇನಾಪತಿಗಳು ನೆನಪಾಗುತ್ತಾರೆ. ಅವರೂ ಬರುತ್ತಾರೆ, ಅವರಿಲ್ಲದೆ ಕಥೆ ಸಾಗುವುದಿಲ್ಲ. ಆದರೆ ನಾನು ಹೇಳಹೊರಟಿರುವುದು ಬೇರೆ. ಏಳು ರಾಜ್ಯಗಳು ಇನ್ನೂರೈವತ್ತು ವರ್ಷ ಹೊಡೆದಾಡಿದ ಆ ಯುದ್ಧವನ್ನು ಕೊನೆಗೆ ಗೆದ್ದವರು ಗುಮಾಸ್ತರು. ಲೆಕ್ಕ ಇಟ್ಟ ರಾಜ್ಯ ಗೆದ್ದಿತು, ಲೆಕ್ಕ ಇಡಲು ಬಾರದವು ಸೋತವು. ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬುದನ್ನು ಆಮೇಲೆ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ. ಉತ್ತರ ಚೀನಾವನ್ನು ಝೋವ್ ಎಂಬ ರಾಜವಂಶ ಆಳುತ್ತಿತ್ತು. ಆಳುತ್ತಿತ್ತು ಅಂದರೆ, ನೆಂಟರಿಗೂ ಬೇಕಾದವರಿಗೂ ಸೀಮೆಗಳನ್ನು ಹಂಚಿಕೊಟ್ಟು, ಅವರಿಂದ ಕಪ್ಪ, ಗೌರವ ಪಡೆಯುತ್ತಿತ್ತು. ಕ್ರಿ.ಪೂ. 771ರಲ್ಲಿ ಪಶ್ಚಿಮದಲ್ಲಿದ್ದ ರಾಜಧಾನಿ ಶತ್ರುಗಳ ಕೈಗೆ ಬಿದ್ದಿತು. ರಾಜಮನೆತನ ಪೂರ್ವಕ್ಕೆ, ಈಗಿನ ಲುವೋಯಾಂಗ್‌ಗೆ ಓಡಿಬಂತು. ಅಲ್ಲಿಂದ ಮುಂದೆ ಝೋವ್ ರಾಜನಿಗೆ ಪೂಜೆ ಪುನಸ್ಕಾರದ ಹಕ್ಕು ಮಾತ್ರ ಉಳಿಯಿತು. ಸೀಮೆಗಳ ಒಡೆಯರು ಒಬ್ಬರನ್ನೊಬ್ಬರು ನುಂಗತೊಡಗಿದರು. ನೂರಕ್ಕೂ ಹೆಚ್ಚಿದ್ದ ಸಣ್ಣಪುಟ್ಟ ರಾಜ್ಯಗಳು ಕರಗುತ್ತಾ ಬಂದು ಕೊನೆಗೆ ಏಳು ದೊಡ್ಡವು ಉಳಿದವು.

ಈ ಕಾಲ ಯಾವಾಗ ಶುರುವಾಯಿತು ಎಂದು ಕೇಳಿದರೆ ಇತಿಹಾಸಕಾರರು ಮೂರು ಇಸವಿ ಹೇಳುತ್ತಾರೆ: ಕ್ರಿ.ಪೂ. 475, 453, 403. ನನಗೆ 453 ಇಷ್ಟ, ಯಾಕೆಂದರೆ ಅದರ ಹಿಂದೆ ಒಂದು ಕಥೆ ಇದೆ. ಜಿನ್ ಎಂಬ ದೊಡ್ಡ ರಾಜ್ಯದಲ್ಲಿ ದೊರೆ ಹೆಸರಿಗೆ ಮಾತ್ರ, ಅಧಿಕಾರವೆಲ್ಲ ನಾಲ್ಕು ಮನೆತನಗಳ ಕೈಯಲ್ಲಿ. ಎಲ್ಲರಿಗಿಂತ ಬಲವಾಗಿದ್ದ ಝೀ ಮನೆತನದ ಯಜಮಾನ ಇನ್ನಿಬ್ಬರನ್ನು ಜತೆಗೆ ಕರೆದುಕೊಂಡು ಝಾವೋ ಮನೆತನದ ಕೋಟೆ ಜಿನ್‌ಯಾಂಗ್ ಅನ್ನು ಮುತ್ತಿದ. ನದಿಯನ್ನೇ ತಿರುಗಿಸಿ ಊರೊಳಗೆ ನುಗ್ಗಿಸಿದ. ಜತೆಗಿದ್ದ ಹಾನ್, ವೇ ಮನೆತನದವರು ನೀರು ಏರುವುದನ್ನು ನೋಡುತ್ತಾ ನಿಂತರು. ನಾಳೆ ನಮ್ಮ ಊರಿನ ಪಕ್ಕದಲ್ಲೂ ನದಿ ಇದೆಯಲ್ಲ ಎಂದು ಹೊಳೆದದ್ದೇ ತಡ, ರಾತ್ರೋರಾತ್ರಿ ಝಾವೋ ಕಡೆಗೆ ಸೇರಿಕೊಂಡರು. ಅದೇ ನೀರು ಝೀ ಪಾಳೆಯಕ್ಕೆ ನುಗ್ಗಿತು. ಗೆದ್ದ ಝಾವೋ ಯಜಮಾನ ಸೋತವನ ತಲೆಬುರುಡೆಗೆ ಅರಗು ಬಳಿಸಿ ಪಾನಪಾತ್ರೆ ಮಾಡಿಕೊಂಡನಂತೆ. ಮೂವರೂ ಜಿನ್ ರಾಜ್ಯವನ್ನು ಹಂಚಿಕೊಂಡರು. ಐವತ್ತು ವರ್ಷದ ನಂತರ, 403ರಲ್ಲಿ, ಪಾಪದ ಝೋವ್ ರಾಜ ಆ ಹಂಚಿಕೆಗೆ ಮುದ್ರೆ ಒತ್ತಿದ.

ಹಾಗಾಗಿ ಏಳು: ನಡುವೆ ಈ ಮೂರು, ಹಾನ್, ಝಾವೋ, ವೇ. ಪೂರ್ವದಲ್ಲಿ ಸಮುದ್ರದ ಕಡೆ ಚಿ. ಈಶಾನ್ಯದಲ್ಲಿ, ಈಗಿನ ಬೀಜಿಂಗ್ ಸುತ್ತ, ಯೆನ್. ದಕ್ಷಿಣದಲ್ಲಿ ಯಾಂಗ್‌ತ್ಸೆ ನದಿಯ ಇಕ್ಕೆಲದಲ್ಲಿ ಹರಡಿದ್ದ ಚೂ. ಪಶ್ಚಿಮದ ಕಣಿವೆಯಲ್ಲಿ ಚಿನ್. ಹೆಸರುಗಳು ಒಂದರಂತೆ ಇನ್ನೊಂದು ಕೇಳಿಸುತ್ತವೆ, ಗೊತ್ತು. ಎರಡನ್ನು ನೆನಪಿಟ್ಟುಕೊಳ್ಳಿ ಸಾಕು. ಚಿನ್ ಗೆಲ್ಲುವುದು, ಝಾವೋ ಕೈಗೆಟುಕಿದ್ದನ್ನು ಕಳೆದುಕೊಳ್ಳುವುದು.

ಈ ಹೊತ್ತಿಗೆ ಯುದ್ಧದ ರೀತಿಯೇ ಬದಲಾಗಿತ್ತು. ಹಿಂದೆ ಕುಲೀನರು ರಥವೇರಿ ಬಂದು, ಒಂದೆರಡು ದಿನ ಕಾದಾಡಿ, ಮರ್ಯಾದೆ ಉಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಈಗ ಕಬ್ಬಿಣ ಬಂತು, ಅದನ್ನು ಅಚ್ಚಿಗೆ ಎರೆದು ಗುದ್ದಲಿ, ಗುಳ ಮಾಡುವುದೂ ಬಂತು. ಕುದುರೆ ಎಳೆದು ಹೊಡೆಯುವ ಅಡ್ಡಬಿಲ್ಲು ಬಂತು. ಆ ಕುದುರೆ ಅಂದರೆ ಪ್ರಾಣಿಯಲ್ಲ, ಬಂದೂಕಿನಲ್ಲಿರುವಂಥದ್ದು. ಈ ಅಡ್ಡಬಿಲ್ಲು ಹಿಡಿದರೆ ನಿನ್ನೆ ತನಕ ಹೊಲ ಉತ್ತಿದ್ದ ರೈತನೂ ರಥದ ಮೇಲಿನ ದೊರೆಮಗನನ್ನು ಉರುಳಿಸಬಹುದು. ರಥ ಮೂಲೆಗೆ ಸರಿಯಿತು, ಕಾಲಾಳು ಸೈನ್ಯ ಲಕ್ಷಗಟ್ಟಲೆ ಬೆಳೆಯಿತು.

ಇಲ್ಲೊಂದು ಉಪಕಥೆ, ಬಿಡಲು ಮನಸ್ಸಿಲ್ಲ. ಉತ್ತರದ ಹುಲ್ಲುಗಾವಲಿನ ಜನ ಕುದುರೆಯ ಬೆನ್ನ ಮೇಲೆ ಕೂತೇ ಬಾಣ ಬಿಡುತ್ತಿದ್ದರು. ಕ್ರಿ.ಪೂ. 307ರಲ್ಲಿ ಝಾವೋ ರಾಜ ವೂಲಿಂಗ್ ನಾವೂ ಹಾಗೇ ಮಾಡೋಣ ಎಂದ. ಅಡ್ಡಿಯಾದದ್ದು ಬಟ್ಟೆ. ನೆಲ ಗುಡಿಸುವ ನಿಲುವಂಗಿ, ಅಗಲ ತೋಳು ಹಾಕಿಕೊಂಡು ಕುದುರೆ ಹತ್ತುವುದು ಹೇಗೆ? ಚಲ್ಲಣ ತೊಡಿ ಎಂದು ರಾಜ ಅಪ್ಪಣೆ ಮಾಡಿದ. ಅನಾಗರಿಕರ ಉಡುಪು ನಾವು ತೊಡುವುದೇ ಎಂದು ಆಸ್ಥಾನದಲ್ಲಿ ಗಲಾಟೆ. ರಾಜನ ಚಿಕ್ಕಪ್ಪ ಹುಷಾರಿಲ್ಲವೆಂದು ಮನೆಯಲ್ಲೇ ಉಳಿದ. ರಾಜ ಅವನ ಮನೆಗೇ ಹೋಗಿ ವಾದ ಮಾಡಿ ಒಪ್ಪಿಸಿ ಬಂದ. ಮರುದಿನ ಚಿಕ್ಕಪ್ಪ ಚಲ್ಲಣ ತೊಟ್ಟು ಆಸ್ಥಾನಕ್ಕೆ ಬಂದ. ಉಡುಪಿನ ಬಗ್ಗೆ ಜಗಳ ಯಾವ ಕಾಲದಲ್ಲೂ ಇದ್ದದ್ದೇ.

ವಿಷಯಕ್ಕೆ ಬರೋಣ. ಲಕ್ಷ ಜನರನ್ನು ಯುದ್ಧಕ್ಕೆ ಕಳಿಸಬೇಕಾದರೆ ಮೊದಲು ಊರಲ್ಲಿ ಗಂಡಸರು ಎಷ್ಟಿದ್ದಾರೆ ಅಂತ ಗೊತ್ತಿರಬೇಕು. ಅವರು ಹೋದ ಮೇಲೆ ಹೊಲ ಉಳುವವರು ಯಾರು, ಕಣಜದಲ್ಲಿ ಎಷ್ಟು ಧಾನ್ಯ ಇದೆ, ಅದನ್ನು ಎಷ್ಟು ದೂರ ಸಾಗಿಸಬೇಕು, ಇವೆಲ್ಲ ಗೊತ್ತಿರಬೇಕು. ವಂಶಪಾರಂಪರ್ಯದ ಸೀಮೆ ಒಡೆಯನನ್ನು ಇದನ್ನೆಲ್ಲ ಕೇಳಿದರೆ ಅವನು ಹೇಳುತ್ತಾನೆಯೇ? ತನ್ನ ಗಂಟು ಬಚ್ಚಿಟ್ಟುಕೊಳ್ಳುತ್ತಾನೆ. ಹಾಗಾಗಿ ರಾಜರು ಸಂಬಳಕ್ಕೆ ದುಡಿಯುವ, ಬೇಕೆಂದಾಗ ತೆಗೆದುಹಾಕಬಹುದಾದ ಅಧಿಕಾರಿಗಳನ್ನು ಊರೂರಿಗೆ ಕಳಿಸತೊಡಗಿದರು. ಈ ಕೆಲಸ ಮೊದಲು ಚೆನ್ನಾಗಿ ನಡೆದದ್ದು ವೇ ರಾಜ್ಯದಲ್ಲಿ.

ಅಲ್ಲಿ ಯೆ ಎಂಬ ಊರಿಗೆ ಶೀಮನ್ ಬಾವ್ ಎಂಬ ಅಧಿಕಾರಿ ಬಂದ. ಊರು ಹಾಳು ಸುರಿಯುತ್ತಿತ್ತು. ಯಾಕೆಂದು ಕೇಳಿದರೆ, ನದಿ ದೇವರಿಗೆ ಹೆಣ್ಣು ಕೊಟ್ಟು ಕೊಟ್ಟು ಬಡವಾದೆವು ಅಂದರು. ವರ್ಷಾ ವರ್ಷ ಊರ ಹಿರಿಯರೂ ಕಚೇರಿಯವರೂ ಸೇರಿ ಜನರಿಂದ ಲಕ್ಷಾಂತರ ನಾಣ್ಯ ವಸೂಲಿ ಮಾಡುತ್ತಾರೆ. ಸ್ವಲ್ಪ ಮದುವೆಗೆ ಖರ್ಚು, ಮಿಕ್ಕದ್ದು ಮಂತ್ರವಾದಿನಿಯ ಜತೆ ಹಂಚಿಕೆ. ಬಡವರ ಮನೆಯ ಹುಡುಗಿಯನ್ನು ಸಿಂಗರಿಸಿ, ಮಂಚದ ಮೇಲೆ ಕೂರಿಸಿ ನದಿಯಲ್ಲಿ ತೇಲಿಬಿಡುತ್ತಾರೆ. ಸ್ವಲ್ಪ ದೂರ ಹೋಗಿ ಮಂಚ ಮುಳುಗುತ್ತದೆ.

ಮದುವೆಯ ದಿನ ಶೀಮನ್ ಬಾವ್ ತಾನೂ ಬಂದ. ಹುಡುಗಿಯನ್ನು ನೋಡಿ, "ಅಷ್ಟೇನೂ ಚೆನ್ನಾಗಿಲ್ಲ, ಇನ್ನೊಬ್ಬಳನ್ನು ಹುಡುಕಿ ಕಳಿಸುತ್ತೇವೆ, ಅಮ್ಮ ನೀವೇ ಹೋಗಿ ದೇವರಿಗೆ ಹೇಳಿ ಬನ್ನಿ" ಎಂದು ಮುದಿ ಮಂತ್ರವಾದಿನಿಯನ್ನು ಎತ್ತಿ ನದಿಗೆ ಹಾಕಿಸಿದ. ಸ್ವಲ್ಪ ಹೊತ್ತು ಕಾದ. "ಯಾಕೋ ತಡವಾಯಿತು" ಎಂದು ಶಿಷ್ಯೆಯರಲ್ಲಿ ಒಬ್ಬಳನ್ನು ಕಳಿಸಿದ. ಮತ್ತೊಬ್ಬಳು, ಮಗದೊಬ್ಬಳು. "ಹೆಂಗಸರಿಗೆ ವಿಷಯ ಸರಿಯಾಗಿ ಹೇಳಲು ಬರಲಿಲ್ಲವೇನೋ, ಹಿರಿಯರು ಹೋಗಿ ಬರಲಿ" ಎಂದು ಊರ ಹಿರಿಯರನ್ನೂ ಹಾಕಿಸಿದ. ನದಿಗೆ ತಲೆಬಾಗಿ, ಭಕ್ತಿಯಿಂದ ಕಾಯುತ್ತಾ ನಿಂತ. ಮುಂದಿನ ಸರದಿ ತಮ್ಮದೆಂದು ತಿಳಿದು ಕಚೇರಿಯವರು ಹಣೆಯಲ್ಲಿ ರಕ್ತ ಬರುವ ತನಕ ನೆಲಕ್ಕೆ ತಲೆ ಚಚ್ಚಿಕೊಂಡರು. ನದಿ ದೇವರ ಮದುವೆ ಅಲ್ಲಿಗೆ ನಿಂತಿತು. ಆಮೇಲೆ ಅದೇ ನದಿಯಿಂದ ಹನ್ನೆರಡು ಕಾಲುವೆ ತೋಡಿಸಿದ. ಈ ಕಥೆಯಲ್ಲಿ ನಾವು ಮೆಚ್ಚುವುದು ಮೂಢನಂಬಿಕೆಯ ನಿವಾರಣೆಯನ್ನು. ರಾಜ ಮೆಚ್ಚಿದ್ದು ಇನ್ನೊಂದನ್ನು ಎಂದು ನನ್ನ ಅನುಮಾನ: ಹಿರಿಯರ ಜೇಬಿಗೆ ಹೋಗುತ್ತಿದ್ದ ದುಡ್ಡು ಇನ್ನು ಖಜಾನೆಗೆ ಬರುತ್ತದೆ.

ಚಿನ್ ರಾಜ್ಯ ಈ ಪಾಠವನ್ನು ವೇಯಿಂದ ಕಲಿತು ವೇಯನ್ನೇ ಮೀರಿಸಿತು. ಕಲಿಸಿದವನು ಶಾಂಗ್ ಯಾಂಗ್. ವೇ ಆಸ್ಥಾನದಲ್ಲಿ ಯಾರೂ ಕೇಳುವವರಿಲ್ಲದೆ ಕ್ರಿ.ಪೂ. 361ರಲ್ಲಿ ಚಿನ್‌ಗೆ ಬಂದವನು. ಅವನ ಮೊದಲ ಕೆಲಸ ಪ್ರಸಿದ್ಧ. ಪೇಟೆಯ ದಕ್ಷಿಣ ಬಾಗಿಲಲ್ಲಿ ಒಂದು ಮರದ ಕಂಬ ನಿಲ್ಲಿಸಿ, ಇದನ್ನು ಉತ್ತರ ಬಾಗಿಲಿಗೆ ಒಯ್ದವರಿಗೆ ಹತ್ತು ತೂಕ ಚಿನ್ನ ಎಂದು ಸಾರಿಸಿದ. ಯಾರೂ ಮುಟ್ಟಲಿಲ್ಲ. ಸರ್ಕಾರ ಸುಮ್ಮನೆ ದುಡ್ಡು ಕೊಡುತ್ತದೆ ಅಂದರೆ ನೀವು ನಂಬುತ್ತೀರಾ? ಐವತ್ತಕ್ಕೆ ಏರಿಸಿದ. ಒಬ್ಬ ಧೈರ್ಯ ಮಾಡಿ ಹೊತ್ತೊಯ್ದ, ಐವತ್ತು ಸಿಕ್ಕಿತು. ಆಮೇಲೆ ಹೊಸ ಕಾನೂನು ಹೊರಬಂತು. ಈ ರಾಜ್ಯ ಹೇಳಿದಂತೆ ಮಾಡುತ್ತದೆ ಎಂದು ಜನರಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು, ಬಹುಮಾನದಲ್ಲೂ ಶಿಕ್ಷೆಯಲ್ಲೂ.

ಆ ಕಾನೂನಿನಲ್ಲಿ ಏನಿತ್ತು? ಮನೆಗಳನ್ನು ಐದರ, ಹತ್ತರ ಗುಂಪುಗಳಾಗಿ ಪಟ್ಟಿ ಮಾಡಬೇಕು. ಒಬ್ಬರ ತಪ್ಪಿಗೆ ಗುಂಪಿನವರೆಲ್ಲ ಹೊಣೆ. ತಪ್ಪು ಕಂಡೂ ದೂರು ಕೊಡದಿದ್ದರೆ ಘೋರ ಶಿಕ್ಷೆ. ರಾಜವಂಶದವನಾದರೂ ಯುದ್ಧದಲ್ಲಿ ಸಾಧನೆ ಇಲ್ಲದಿದ್ದರೆ ಪದವಿ ಇಲ್ಲ, ರೈತನ ಮಗನಾದರೂ ಶತ್ರುವಿನ ತಲೆ ತಂದರೆ ಪದವಿ, ಹೊಲ, ಮನೆ. ಅಳತೆ ತೂಕಗಳು ರಾಜ್ಯವಿಡೀ ಒಂದೇ. ಕ್ರಿ.ಪೂ. 344ರಲ್ಲಿ ಅವನು ಮಾಡಿಸಿದ ಕಂಚಿನ ಒಂದು ಅಳತೆಪಾತ್ರೆ ಇವತ್ತಿಗೂ ಶಾಂಘೈ ಮ್ಯೂಸಿಯಂನಲ್ಲಿದೆ, ಸುಮಾರು 200 ಮಿಲಿಲೀಟರ್ ಹಿಡಿಯುತ್ತದೆ. ಅದರ ತಳದಲ್ಲಿ ಇನ್ನೊಂದು ಬರಹವಿದೆ, ಅದು 221ರದು. ಅಂದರೆ ನೂರಿಪ್ಪತ್ತು ವರ್ಷ ಕಳೆದ ಮೇಲೂ ಅದೇ ಪಾತ್ರೆಯನ್ನು ತೆಗೆದು, ಇಡೀ ಸಾಮ್ರಾಜ್ಯಕ್ಕೆ ಇದೇ ಅಳತೆ ಎಂದು ಕೆತ್ತಿಸಿದ್ದಾರೆ. ಒಂದು ರಾಜ್ಯದ ಹಟ ಎಂಥದ್ದು ಎಂದು ತಿಳಿಯಲು ನನಗೆ ಆ ಪಾತ್ರೆ ಸಾಕು.

ಯುವರಾಜ ಕಾನೂನು ಮುರಿದಾಗ ಶಾಂಗ್ ಯಾಂಗ್ ಅವನ ಗುರುಗಳನ್ನು ಶಿಕ್ಷಿಸಿದ. ಒಬ್ಬರ ಮುಖಕ್ಕೆ ಹಚ್ಚೆ, ಮುಂದೆ ಇನ್ನೊಬ್ಬರ ಮೂಗಿಗೆ ಕತ್ತರಿ. ಅದೇ ಯುವರಾಜ 338ರಲ್ಲಿ ಪಟ್ಟಕ್ಕೆ ಬಂದ. ಶಾಂಗ್ ಯಾಂಗ್ ತಲೆ ತಪ್ಪಿಸಿಕೊಂಡು ಓಡಿ, ಗಡಿಯ ಹತ್ತಿರ ಒಂದು ಛತ್ರದಲ್ಲಿ ರಾತ್ರಿ ಕಳೆಯಲು ಜಾಗ ಕೇಳಿದ. ಗುರುತಿನ ಚೀಟಿ ಇಲ್ಲದವರಿಗೆ ಜಾಗ ಕೊಟ್ಟರೆ ಶಾಂಗ್ ಯಾಂಗರ ಕಾನೂನಿನ ಪ್ರಕಾರ ನನಗೆ ಶಿಕ್ಷೆ ಎಂದ ಛತ್ರದವ. ಕೊನೆಗೆ ಅವನನ್ನು ರಥಗಳಿಗೆ ಕಟ್ಟಿ ಸೀಳಿಸಿದರು. ಆದರೆ ಗಮನಿಸಿ, ಹೊಸ ರಾಜ ಅವನ ಕಾನೂನನ್ನು ಮುಟ್ಟಲಿಲ್ಲ. ಮನುಷ್ಯ ಬೇಡವಾದ, ಅವನು ಮಾಡಿಟ್ಟ ಯಂತ್ರ ಬೇಕಾಯಿತು.

ಆ ಯಂತ್ರ ಹಳ್ಳಿಯ ಮಟ್ಟದಲ್ಲಿ ಹೇಗೆ ತಿರುಗುತ್ತಿತ್ತು ಎನ್ನುವುದು ಶೀಯ ಸಮಾಧಿ ಸಿಗುವ ತನಕ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಮಳೆ ಬಂದರೆ ಎಷ್ಟು ಹೊಲಕ್ಕೆ ನೀರಾಯಿತು ಎಂದು ಬರಹದಲ್ಲಿ ವರದಿ ಕಳಿಸಬೇಕು. ಹತ್ತಿರದ ತಾಲ್ಲೂಕು ಓಟಗಾರನ ಕೈಯಲ್ಲಿ, ದೂರದ್ದು ಅಂಚೆಯಲ್ಲಿ, ಎಂಟನೇ ತಿಂಗಳ ಒಳಗೆ. ಸರ್ಕಾರಿ ಎತ್ತುಗಳಿಗೆ ವರ್ಷಕ್ಕೆ ನಾಲ್ಕು ಸಲ ಸ್ಪರ್ಧೆ. ಎತ್ತು ಚೆನ್ನಾಗಿದ್ದರೆ ಮೇಲ್ವಿಚಾರಕನಿಗೆ ಮದ್ಯ, ಒಣಗಿಸಿದ ಮಾಂಸ. ಉಳುಮೆಯಲ್ಲಿ ಎತ್ತಿನ ಸುತ್ತಳತೆ ಕಡಿಮೆಯಾದರೆ ಅಂಗುಲಕ್ಕೆ ಹತ್ತು ಏಟು. ಹಳೆಯ ಕಾಲದ ನಮ್ಮ ಶಾನುಭೋಗರಿಗೆ ಈ ಶೀ ಎದುರಾಗಿದ್ದರೆ ಇಬ್ಬರೂ ಮಾತಾಡದೆಯೇ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಿದ್ದರು. ದಂಡಗಳನ್ನು ಗುರಾಣಿ, ಕವಚದ ಲೆಕ್ಕದಲ್ಲಿ ಹೇಳಿರುವುದನ್ನೂ ನೋಡಿ. ಇಲಿ ಬಿಲದಿಂದಲೂ ಯುದ್ಧಕ್ಕೆ ಒಂದು ದಾರಿ ಇತ್ತು.

ಸೈನ್ಯವೂ ಹಾಗೇ. ಶಿಆನ್ ನಗರದ ಹತ್ತಿರ ಸಿಕ್ಕ ಕಂಚಿನ ಪುಟ್ಟ ಹುಲಿಯೊಂದರ ಎಡ ಹೋಳು ಅಲ್ಲಿನ ಮ್ಯೂಸಿಯಂನಲ್ಲಿದೆ. ಹುಲಿಯನ್ನು ಉದ್ದಕ್ಕೆ ಸೀಳಿದಂತೆ ಎರಡು ಹೋಳು. ಬಲ ಹೋಳು ರಾಜನ ಬಳಿ, ಎಡ ಹೋಳು ದು ಎಂಬ ಊರಿನ ದಂಡಾಧಿಕಾರಿಯ ಬಳಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಸೈನಿಕರನ್ನು ಕದಲಿಸಬೇಕಾದರೆ ಎರಡೂ ಕೂಡಬೇಕು, ಶತ್ರು ಬಂದನೆಂದು ಬೆಂಕಿಯ ಸುಳಿವು ಸಿಕ್ಕಾಗ ಮಾತ್ರ ಕಾಯಬೇಕಿಲ್ಲ ಎಂದು ಹುಲಿಯ ಮೈಮೇಲೇ ಬರೆದಿದೆ. ಐವತ್ತು ಜನರಿಗೆ ರಾಜನ ಅನುಮತಿ! ಇದೇ ಬಗೆಯ ಹುಲಿಯನ್ನು ವೇ ರಾಜ್ಯದ ರಾಜಕುಮಾರನೊಬ್ಬ ರಾಜನ ಮಲಗುವ ಕೋಣೆಯಿಂದ ರಾಣಿವಾಸದವಳ ಕೈಯಲ್ಲಿ ಕದಿಯಿಸಿ, ಸೈನ್ಯವನ್ನೇ ಕೊಂಡೊಯ್ದು ಝಾವೋ ರಾಜಧಾನಿಯನ್ನು ಉಳಿಸಿದ ಕಥೆ ತುಂಬ ರೋಚಕ. ಹೊತ್ತಿಲ್ಲ, ಬಿಡುತ್ತೇನೆ.

ಈಗ ಚಾಂಗ್‌ಪಿಂಗ್. ಇದನ್ನು ಬೇಗ ಮುಗಿಸಲಾಗದು.

ಕ್ರಿ.ಪೂ. 262ರಲ್ಲಿ ಚಿನ್ ಸೈನ್ಯ ಹಾನ್ ರಾಜ್ಯದ ಶಾಂಗ್‌ದಾಂಗ್ ಸೀಮೆಯನ್ನು ಉಳಿದ ಭಾಗದಿಂದ ಕತ್ತರಿಸಿಹಾಕಿತು. ಹಾನ್ ರಾಜ ಆ ಸೀಮೆಯನ್ನು ಬಿಟ್ಟುಕೊಡಲು ಒಪ್ಪಿದ. ಅಲ್ಲಿನ ಅಧಿಕಾರಿ ಮಾತ್ರ ಚಿನ್‌ಗೆ ಕೊಡುವ ಬದಲು ಝಾವೋಗೆ ಕೊಟ್ಟುಬಿಟ್ಟ. ಪುಕ್ಕಟೆ ಬಂದ ಸೀಮೆ! ಝಾವೋ ರಾಜ ತೆಗೆದುಕೊಂಡ. ಚಿನ್ ಬಿಟ್ಟೀತೇ? ಎರಡೂ ಸೈನ್ಯಗಳು ಚಾಂಗ್‌ಪಿಂಗ್‌ನಲ್ಲಿ ಎದುರುಬದುರಾದವು. ಝಾವೋ ಸೇನಾಪತಿ ಮುದುಕ ಲಿಯಾನ್ ಪೋ ಗೋಡೆ ಕಟ್ಟಿಕೊಂಡು ಒಳಗೇ ಕೂತ. ಚಿನ್ ದೂರದಿಂದ ಧಾನ್ಯ ತರಿಸಬೇಕು, ಎಷ್ಟು ದಿನ ತಾಳೀತು ಎಂಬುದು ಅವನ ಲೆಕ್ಕ. ಸರಿಯಾದ ಲೆಕ್ಕವೇ. ಆದರೆ ಝಾವೋದಲ್ಲೂ ಊಟಕ್ಕೆ ಕಷ್ಟವಿತ್ತು. ಚಿನ್ ಗೂಢಚಾರರು ಝಾವೋ ರಾಜಧಾನಿ ಹಾನ್‌ದಾನ್‌ನಲ್ಲಿ ಗಾಳಿಸುದ್ದಿ ಹಬ್ಬಿಸಿದರು: ಮುದುಕನಿಗೆ ಯಾರು ಹೆದರುತ್ತಾರೆ, ಚಿನ್‌ಗೆ ಭಯ ಇರುವುದು ಝಾವೋ ಕ್ವೋ ಒಬ್ಬನದೇ.

ಝಾವೋ ಕ್ವೋ ಹೆಸರಾಂತ ಸೇನಾಪತಿಯ ಮಗ. ಯುದ್ಧಶಾಸ್ತ್ರ ಬಾಯಿಪಾಠ, ವಾದದಲ್ಲಿ ಅಪ್ಪನನ್ನೇ ಸೋಲಿಸುತ್ತಿದ್ದ. ಅವನ ತಾಯಿ ರಾಜನಿಗೆ ಮನವಿ ಬರೆದಳು: ಇವನನ್ನು ಕಳಿಸಬೇಡಿ. ಇವನಪ್ಪ ಬಂದ ಬಹುಮಾನವನ್ನೆಲ್ಲ ಸೈನಿಕರಿಗೆ ಹಂಚುತ್ತಿದ್ದರು, ಇವನು ತಂದು ಮನೆಯಲ್ಲಿಟ್ಟು ಯಾವ ಹೊಲ ಅಗ್ಗಕ್ಕೆ ಸಿಗುತ್ತದೆ ಎಂದು ನೋಡುತ್ತಾನೆ. ರಾಜ ಕೇಳಲಿಲ್ಲ. ಹಾಗಾದರೆ ಇವನು ಸೋತರೆ ನನ್ನನ್ನು ಶಿಕ್ಷಿಸಕೂಡದು ಎಂದು ಮಾತು ತೆಗೆದುಕೊಂಡಳು. ಇಷ್ಟು ದೊಡ್ಡ ಕಥೆಯಲ್ಲಿ ಸೋಲು ಬರುವುದನ್ನು ಮೊದಲೇ ಕಂಡು ತಕ್ಕ ಏರ್ಪಾಡು ಮಾಡಿಕೊಂಡವಳು ಈ ತಾಯಿ ಒಬ್ಬಳೇ.

ಚಿನ್ ಕಡೆ ಗುಟ್ಟಾಗಿ ಬಂದವನು ಸೇನಾಪತಿ ಬಾಯ್ ಚಿ. ಝಾವೋ ಕ್ವೋ ಮುನ್ನುಗ್ಗಿದ, ಬಾಯ್ ಚಿ ಹಿಂದೆ ಸರಿದಂತೆ ಮಾಡಿ ಸುತ್ತುವರಿದ, ಧಾನ್ಯದ ದಾರಿ ಕಡಿದ. ಸುದ್ದಿ ಕೇಳಿ ಚಿನ್ ರಾಜ ತಾನೇ ಗಡಿ ಸೀಮೆಗೆ ಬಂದು, ಅಲ್ಲಿನ ಜನರಿಗೆಲ್ಲ ಒಂದೊಂದು ಪದವಿ ಏರಿಸಿ, ಹದಿನೈದು ದಾಟಿದ ಗಂಡಸರನ್ನೆಲ್ಲ ಕಳಿಸಿದ. ಅಷ್ಟು ಬೇಗ ಅಷ್ಟು ಜನ ಸಿಕ್ಕಿದ್ದು ಪಟ್ಟಿ ಇದ್ದದ್ದರಿಂದ. 46 ದಿನ ಝಾವೋ ಸೈನಿಕರಿಗೆ ಅನ್ನವಿಲ್ಲ, ಒಬ್ಬರನ್ನೊಬ್ಬರು ಕೊಂದು ತಿನ್ನುವ ಸ್ಥಿತಿ. ಝಾವೋ ಕ್ವೋ ಬಾಣ ತಾಗಿ ಸತ್ತ, ಉಳಿದವರು ಶರಣಾದರು. ಬಾಯ್ ಚಿ ಅವರನ್ನು ಸಾಕಲೂ ಇಲ್ಲ, ಬಿಡಲೂ ಇಲ್ಲ. ನಾಲ್ಕು ಲಕ್ಷ ಸೆರೆಯಾಳುಗಳನ್ನು ಕೊಂದು, ಕಿರಿಯ ಹುಡುಗರು 240 ಮಂದಿಯನ್ನು ಮಾತ್ರ ಸುದ್ದಿ ಮುಟ್ಟಿಸಲು ಊರಿಗೆ ಕಳಿಸಿದ ಎಂದು ಸಿಮಾ ಚಿಯೆನ್ ಬರೆಯುತ್ತಾನೆ. ಸಿಮಾ ಚಿಯೆನ್ ನೂರೈವತ್ತು ವರ್ಷದ ನಂತರ ಬಂದ ಇತಿಹಾಸಕಾರ. ನಾಲ್ಕು ಲಕ್ಷ ಎಂಬ ಸಂಖ್ಯೆಯನ್ನು ಅನುಮಾನಿಸುವವರು ಬಹಳ ಜನ, ನಾನೂ ಅವರಲ್ಲೊಬ್ಬ. ಆದರೆ ಕೊಲೆ ನಡೆದದ್ದರಲ್ಲಿ ಅನುಮಾನವಿಲ್ಲ. 1995ರಲ್ಲಿ ಶಾನ್‌ಶಿ ಪ್ರಾಂತ್ಯದ ಗಾವೋಪಿಂಗ್ ಬಳಿ ಯೋಂಗ್‌ಲು ಹಳ್ಳಿಯಲ್ಲಿ ಅಗೆದ ಒಂದು ಗುಂಡಿಯಲ್ಲೇ ಸುಮಾರು 130 ಜನರ ಮೂಳೆಗಳು ಸಿಕ್ಕವು.

ಇನ್ನು ನಮ್ಮ ಗುಮಾಸ್ತ ಶೀ. ಅವನ ಬಿದಿರು ಪಟ್ಟಿಗಳಲ್ಲಿ ವರ್ಷವಾರು ಟಿಪ್ಪಣಿ ಒಂದಿದೆ. ಆ ವರ್ಷದ ಸಾಲಿನಲ್ಲಿ ಇಷ್ಟೇ ಇದೆ: ಚಾಂಗ್‌ಪಿಂಗ್ ಮೇಲೆ ದಾಳಿ, ಹನ್ನೊಂದನೇ ತಿಂಗಳು ಗಾನ್ ಹುಟ್ಟಿದ. ಗಾನ್ ಅವನ ತಮ್ಮನಿರಬೇಕು. ಅದಕ್ಕೆ ಎರಡು ವರ್ಷ ಹಿಂದಿನ ಸಾಲಿನಲ್ಲಿ ಶೀ ಹುಟ್ಟಿದ್ದು ಕೋಳಿ ಕೂಗುವ ಹೊತ್ತಿಗೆ ಎಂದಿದೆ.

ಇಲ್ಲಿ ನೀವು ಕಳಿಂಗವನ್ನು ನೆನೆಯುತ್ತೀರಿ ಎಂದು ಗೊತ್ತು. ಚಾಂಗ್‌ಪಿಂಗ್ ಮುಗಿದದ್ದು 260, ಕಳಿಂಗ ಯುದ್ಧ 261ರ ಆಸುಪಾಸು. ಎರಡಕ್ಕೂ ಸಂಬಂಧವಿಲ್ಲ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರಲೂ ಇಲ್ಲ. ಆದರೂ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದೆವು, ಅದು ನನಗೆ ದುಃಖ ತಂದಿದೆ ಎಂದು ಗೆದ್ದ ಅಶೋಕ ತಾನೇ ಬಂಡೆಯ ಮೇಲೆ ಬರೆಸಿದ. ಚಿನ್ ಕಡೆಯಿಂದ ಅಂಥ ಬರಹವಿಲ್ಲ. ಬಾಯ್ ಚಿಯದು ಮಾತ್ರ ಒಂದು ಮಾತಿದೆ. ಮೂರು ವರ್ಷದ ನಂತರ ರಾಜನ ಮಾತು ಮೀರಿದ್ದಕ್ಕೆ ಅವನಿಗೆ ಕತ್ತಿ ಕಳಿಸಿ ಸಾಯಲು ಹೇಳಿದರು. ನಾನೇನು ಪಾಪ ಮಾಡಿದೆ ಎಂದು ಕೇಳಿಕೊಂಡ. ಆಮೇಲೆ, ಚಾಂಗ್‌ಪಿಂಗ್‌ನಲ್ಲಿ ಶರಣಾದವರನ್ನು ಮೋಸದಿಂದ ಕೊಂದೆನಲ್ಲ, ಅದೇ ಸಾಕು ಎಂದ.

ಲೆಕ್ಕದ ರಾಜ್ಯ ಕೊಲ್ಲುವುದರಲ್ಲಿ ಮಾತ್ರ ಜಾಣ ಎಂದರೆ ಅನ್ಯಾಯವಾದೀತು. ಹೆಚ್ಚುಕಡಿಮೆ ಇದೇ ಕಾಲದಲ್ಲಿ ಸಿಚುವಾನ್‌ನಲ್ಲಿ ಲೀ ಬಿಂಗ್ ಎಂಬ ಚಿನ್ ಅಧಿಕಾರಿ ಮಿನ್ ನದಿಯನ್ನು ಎರಡಾಗಿ ಸೀಳಿ ಚೆಂಗ್ಡು ಬಯಲಿಗೆ ನೀರು ಹರಿಸಿದ. ಅಡ್ಡಗಟ್ಟೆ ಇಲ್ಲ, ಮೀನಿನ ಮೂತಿಯಂಥ ಒಡ್ಡು ಕಟ್ಟಿ ಹರಿವನ್ನು ಪಾಲು ಮಾಡಿದ. ದುಜಿಯಾಂಗ್ಯಾನ್ ಎಂಬ ಆ ಏರ್ಪಾಡು ಇವತ್ತಿಗೂ ಹೊಲಗಳಿಗೆ ನೀರು ಕೊಡುತ್ತಿದೆ. ಇನ್ನೊಂದು ಕಾಲುವೆಯ ಕಥೆ ಇನ್ನೂ ಸ್ವಾರಸ್ಯ. ಹಾನ್ ರಾಜ್ಯ ಚಿನ್‌ನ ದುಡ್ಡು, ಜನಬಲ ಕರಗಿಸಲು ಒಂದು ಉಪಾಯ ಮಾಡಿತು. ಝೆಂಗ್ ಗ್ವೋ ಎಂಬ ನೀರಾವರಿ ನಿಪುಣನನ್ನು ಕಳಿಸಿ, ದೊಡ್ಡದೊಂದು ಕಾಲುವೆ ತೋಡಿ ಎಂದು ಚಿನ್ ಆಸ್ಥಾನಕ್ಕೆ ಆಸೆ ಹುಟ್ಟಿಸಿತು. ಅರ್ಧ ಕೆಲಸವಾದಾಗ ಸಂಚು ಬಯಲಾಯಿತು. ಸಂಚು ನಿಜ, ಆದರೆ ಕಾಲುವೆ ಮುಗಿದರೆ ಲಾಭ ನಿಮ್ಮದೇ ಎಂದ ಝೆಂಗ್ ಗ್ವೋ. ಚಿನ್ ಲೆಕ್ಕ ಹಾಕಿ ನೋಡಿತು. ಹೌದು ಎನ್ನಿಸಿತು. ಕೊಲ್ಲಲಿಲ್ಲ, ಕೆಲಸ ಮುಗಿಸಿಕೊಂಡಿತು, ಕಾಲುವೆಗೆ ಅವನ ಹೆಸರನ್ನೇ ಇಟ್ಟಿತು. ಆ ನೀರಿನಲ್ಲಿ ಬೆಳೆದ ಧಾನ್ಯ ತಿಂದ ಸೈನ್ಯ ಮೊದಲು ನುಂಗಿದ್ದು ಹಾನ್ ರಾಜ್ಯವನ್ನು.

ಬೇರೆ ರಾಜ್ಯದವರನ್ನು ನಂಬಬಾರದು, ಎಲ್ಲರನ್ನೂ ಓಡಿಸಿ ಎಂದು ಆಗ ಚಿನ್‌ನಲ್ಲಿ ಕೂಗೆದ್ದಿತು. ಓಡಿಸಬೇಡಿ ಎಂದು ಮನವಿ ಬರೆದವನು ಲೀ ಸು. ಇವನೂ ಒಬ್ಬ ಗುಮಾಸ್ತ, ಚೂ ರಾಜ್ಯದ ಒಂದು ಸಣ್ಣ ಊರಿನವ. ಕಚೇರಿಯ ಪಾಯಿಖಾನೆಯ ಇಲಿಗಳು ಹೊಲಸು ತಿಂದು, ಮನುಷ್ಯರನ್ನೋ ನಾಯಿಯನ್ನೋ ಕಂಡು ಬೆಚ್ಚಿ ಓಡುವುದನ್ನು ನೋಡಿದನಂತೆ. ಆಮೇಲೆ ಕಣಜದ ಇಲಿಗಳು ರಾಶಿ ಧಾನ್ಯ ತಿಂದುಕೊಂಡು ನಿಶ್ಚಿಂತೆಯಿಂದ ಇರುವುದನ್ನೂ ನೋಡಿದ. ಮನುಷ್ಯನ ಯೋಗ್ಯತೆಯೂ ಅವನು ಎಲ್ಲಿ ಸೇರಿಕೊಂಡಿದ್ದಾನೆ ಎನ್ನುವುದರ ಮೇಲೆ ಎಂದು ತೀರ್ಮಾನಿಸಿ, ಓದಲು ಹೋಗಿ, ಕೊನೆಗೆ ದೊಡ್ಡ ಕಣಜ ಹುಡುಕಿಕೊಂಡು ಚಿನ್‌ಗೆ ಬಂದ. ಮುಂದೆ ಸಾಮ್ರಾಜ್ಯದ ಮುಖ್ಯಮಂತ್ರಿಯಾದ.

ಮುಂದಿನದು ಬೇಗ ಬೇಗ ನಡೆಯಿತು. ಆಗ ಚಿನ್ ರಾಜ ಯಿಂಗ್ ಝೆಂಗ್, ಮುಂದೆ ಮೊದಲ ಚಕ್ರವರ್ತಿ ಎನ್ನಿಸಿಕೊಂಡವನು. 230ರಲ್ಲಿ ಹಾನ್ ಬಿದ್ದಿತು, 228ರಲ್ಲಿ ಝಾವೋ. ನಕ್ಷೆಯೊಳಗೆ ಕಠಾರಿ ಸುತ್ತಿಟ್ಟುಕೊಂಡು ರಾಜನನ್ನು ಕೊಲ್ಲಲು ಹೋದ ಜಿಂಗ್ ಕೆಯ ಪ್ರಯತ್ನ 227ರಲ್ಲಿ, ಅದು ಸಿನಿಮಾಗಳಿಂದ ನಿಮಗೆ ಗೊತ್ತಿರುತ್ತದೆ. 225ರಲ್ಲಿ ವೇ ರಾಜಧಾನಿಗೆ ನದಿ ನೀರು ನುಗ್ಗಿಸಿದರು. ಜಿನ್‌ಯಾಂಗ್‌ನಲ್ಲಿ ಹಾನ್, ವೇ ಜನ ಹೆದರಿದ್ದು ಇನ್ನೂರು ಚಿಲ್ಲರೆ ವರ್ಷದ ಮೇಲೆ ನಿಜವಾಯಿತು.

ಉಳಿದ ದೊಡ್ಡ ತುತ್ತು ಚೂ. ಎಷ್ಟು ಸೈನ್ಯ ಬೇಕು ಎಂದು ರಾಜ ಕೇಳಿದ. ಎರಡು ಲಕ್ಷ ಸಾಕು ಎಂದ ಯುವಕ ಲೀ ಶಿನ್. ಆರು ಲಕ್ಷಕ್ಕಿಂತ ಕಡಿಮೆ ಆಗದು ಎಂದ ಮುದುಕ ವಾಂಗ್ ಜಿಯೆನ್. ವಯಸ್ಸಾಯಿತು ನಿಮಗೆ ಎಂದು ರಾಜ ಯುವಕನನ್ನು ಕಳಿಸಿದ, ಅವನು ಸೋತು ಬಂದ. ರಾಜ ಮುದುಕನ ಮನೆಗೇ ಹೋಗಿ ಕ್ಷಮೆ ಕೇಳಿದ. ಆರು ಲಕ್ಷ ಸಿಕ್ಕಿತು. ಹೊರಡುವಾಗಲೂ, ದಾರಿಯಿಂದಲೂ ವಾಂಗ್ ಜಿಯೆನ್ ಮತ್ತೆ ಮತ್ತೆ ರಾಜನಿಗೆ ಹೇಳಿ ಕಳಿಸಿದ: ನನಗೆ ಒಳ್ಳೆಯ ಹೊಲ ಬೇಕು, ಮನೆ ಬೇಕು, ತೋಟ ಬೇಕು. ಇದು ಅತಿಯಾಯಿತು ಎಂದರು ಜತೆಗಿದ್ದವರು. ರಾಜ್ಯದ ಸೈನ್ಯವನ್ನೆಲ್ಲ ನನ್ನ ಕೈಗೆ ಕೊಟ್ಟಿದ್ದಾನೆ, ನನಗೆ ಮಕ್ಕಳಿಗೆ ಆಸ್ತಿ ಮಾಡುವುದರ ಹೊರತು ಬೇರೆ ಆಸೆ ಇಲ್ಲ ಎಂದು ತೋರಿಸದಿದ್ದರೆ ಸುಮ್ಮನೆ ಅನುಮಾನ ಪಡುತ್ತಾನೆ ಎಂದ ಮುದುಕ. ಬಾಯ್ ಚಿಗೆ ಬಂದ ಗತಿ ಅವನಿಗೆ ನೆನಪಿದ್ದಿರಬೇಕು.

ಆ ಸೈನ್ಯದಲ್ಲಿದ್ದ ಇಬ್ಬರ ಕಾಗದ ನಮಗೆ ಸಿಕ್ಕಿದೆ. ಶುಯಿಹುದಿಯಲ್ಲೇ, ನಾಲ್ಕನೇ ನಂಬರಿನ ಸಮಾಧಿಯಲ್ಲಿ, ಮರದ ಹಲಗೆಯ ಮೇಲೆ ಬರೆದದ್ದು. ಹೈಫು, ಜಿಂಗ್ ಎಂಬ ಅಣ್ಣತಮ್ಮಂದಿರು ಊರಲ್ಲಿರುವ ಅಣ್ಣ ಝೋಂಗ್‌ಗೆ ಬರೆದಿದ್ದಾರೆ. ಅಮ್ಮ ಚೆನ್ನಾಗಿದ್ದಾಳೆಯೇ? ನಾವಿಬ್ಬರೂ ನಡುವೆ ಬೇರೆಯಾಗಿದ್ದೆವು, ಈಗ ಮತ್ತೆ ಸೇರಿದ್ದೇವೆ. ದುಡ್ಡು ಕಳಿಸಿ. ಊರಲ್ಲಿ ಬಟ್ಟೆ ಅಗ್ಗವಾಗಿದ್ದರೆ ಅಮ್ಮ ಬೇಸಿಗೆಯ ಉಡುಪು ಹೊಲಿದು ಕಳಿಸಲಿ, ದುಬಾರಿಯಾದರೆ ಬರೀ ದುಡ್ಡು ಸಾಕು, ಇಲ್ಲೇ ಮಾಡಿಸಿಕೊಳ್ಳುತ್ತೇನೆ. ಹೊಸ ಸೊಸೆ ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳಲಿ. ಜಿಂಗ್‌ನ ಕಾಗದದಲ್ಲಿ ಆತಂಕ ಹೆಚ್ಚು: ಐನೂರು ಆರುನೂರು ನಾಣ್ಯ ಬೇಕು, ಬೇರೆಯವರ ದುಡ್ಡು ಖರ್ಚು ಮಾಡಿಬಿಟ್ಟಿದ್ದೇನೆ, ಮನೆಯಿಂದ ಬರದಿದ್ದರೆ ಸತ್ತೇ ಹೋಗುತ್ತೇನೆ. ಕೊನೆಗೆ ಬೇಗ, ಬೇಗ, ಬೇಗ ಎಂದು ಮೂರು ಸಲ. ಮನೆಗೆ ಪದವಿಯ ಕಾಗದ ಬಂತೋ ಇಲ್ಲವೋ ತಿಳಿಸಿ ಎಂದು ಹೈಫು ಕೇಳುತ್ತಾನೆ. ಶಾಂಗ್ ಯಾಂಗ್ ಶುರು ಮಾಡಿದ ಪದವಿಯೇ ಅದು. ಸೈನಿಕನ ಬಟ್ಟೆಗೆ ಅಮ್ಮ ದುಡ್ಡು ಕಳಿಸಬೇಕು, ಪದವಿಯ ದಾಖಲೆ ಮಾತ್ರ ಕಚೇರಿಯಿಂದ ಮನೆಗೆ ಬರುತ್ತದೆ. ಇನ್ನೊಂದು ಮಾತು. ಇವರ ಊರು ಅನ್‌ಲು, ಹಿಂದೆ ಚೂ ನಾಡಿನದೇ. 278ರಲ್ಲಿ ಚಿನ್ ಕೈಗೆ ಬಂದದ್ದು. ಎರಡು ತಲೆಮಾರು ಕಳೆಯುವುದರೊಳಗೆ ಆ ಊರಿನ ಹುಡುಗರು ಚಿನ್ ಪರವಾಗಿ ಚೂ ಮೇಲೆ ಕಾದುತ್ತಿದ್ದಾರೆ.

223ರಲ್ಲಿ ಚೂ ಬಿದ್ದಿತು, ಮರುವರ್ಷ ಯೆನ್, 221ರಲ್ಲಿ ಚಿ. ಚಿ ಹೋರಾಡಲೇ ಇಲ್ಲ.

ಇಷ್ಟು ಗಟ್ಟಿ ಯಂತ್ರ ಹದಿನೈದೇ ವರ್ಷದಲ್ಲಿ ಕುಸಿದದ್ದು ಹೇಗೆ ಎಂದು ನಿಮ್ಮಲ್ಲೊಬ್ಬರು ಚೀಟಿ ಕಳಿಸಿದ್ದಾರೆ. ಸಾಮಾನ್ಯವಾಗಿ ಹೇಳುವ ಉತ್ತರ ಇದು. 209ರಲ್ಲಿ 900 ಜನರನ್ನು ಗಡಿ ಕಾವಲಿಗೆ ಕರೆದೊಯ್ಯುತ್ತಿದ್ದರು. ಮಳೆ ಬಂದು ದಾರಿ ಮುಚ್ಚಿತು. ತಡವಾದರೆ ಕಾನೂನಿನಂತೆ ಮರಣದಂಡನೆ. ಹೇಗೂ ಸಾಯುವುದಾದರೆ ದಂಗೆ ಎದ್ದೇ ಸಾಯೋಣ ಎಂದ ಚೆನ್ ಶೆಂಗ್. ಕ್ರೂರ ಕಾನೂನು ತನ್ನ ಗೋರಿ ತಾನೇ ತೋಡಿಕೊಂಡಿತು ಎಂದು ಎರಡು ಸಾವಿರ ವರ್ಷ ಮಕ್ಕಳಿಗೆ ಹೇಳಿಕೊಟ್ಟರು. ಆದರೆ ಶೀಯ ಪಟ್ಟಿಗಳಲ್ಲಿ ಬಿಟ್ಟಿ ಕೆಲಸದ ನಿಯಮವಿದೆ: ಮೂರರಿಂದ ಐದು ದಿನ ತಡವಾದರೆ ಛೀಮಾರಿ, ಆರರಿಂದ ಹತ್ತು ದಿನಕ್ಕೆ ಒಂದು ಗುರಾಣಿ, ಹತ್ತು ದಿನ ಮೀರಿದರೆ ಒಂದು ಕವಚ. ಮಳೆ ಬಂದರೆ ಕರೆಯೇ ರದ್ದು. ಗಡಿ ಕಾವಲಿನ ನಿಯಮ ಇದಕ್ಕಿಂತ ಕಠಿಣ ಇದ್ದಿರಬಹುದು ಎಂದು ವಾದಿಸುವವರಿದ್ದಾರೆ. ಚೆನ್ ಶೆಂಗ್ ಜನರನ್ನು ಎಬ್ಬಿಸಲು ಕಾನೂನನ್ನು ಹಿಗ್ಗಿಸಿ ಹೇಳಿದ ಎನ್ನುವುದು ನನ್ನ ಅಭಿಪ್ರಾಯ. ಜನ ನಂಬಿದರು ಎನ್ನುವುದೇ ಇಲ್ಲಿ ಮುಖ್ಯ. ಐವತ್ತು ಚಿನ್ನ ಕೊಟ್ಟು ನಂಬಿಕೆ ಗಳಿಸಿದ್ದ ರಾಜ್ಯದ ಬಗ್ಗೆ ಈಗ ಎಂಥ ಭಯಂಕರ ಮಾತನ್ನಾದರೂ ಜನ ನಂಬುತ್ತಿದ್ದರು. ಅದರ ಮೇಲೆ ಅರಮನೆ, ಗೋರಿ, ಗೋಡೆ, ರಸ್ತೆ ಎಂದು ಬಿಡುವಿಲ್ಲದ ದುಡಿತ. ಯುದ್ಧಕ್ಕೆಂದು ಮಾಡಿದ ಯಂತ್ರ ಯುದ್ಧ ಮುಗಿದ ಮೇಲೂ ಅದೇ ವೇಗದಲ್ಲಿ ತಿರುಗುತ್ತಿತ್ತು.

ದಂಗೆಕೋರರಲ್ಲಿ ಲಿಯೂ ಬಾಂಗ್ ಎಂಬವನೊಬ್ಬ. ಅವನೂ ಚಿನ್ ಸರ್ಕಾರದ ಸಣ್ಣ ನೌಕರನಾಗಿದ್ದವನೇ, ಒಂದು ಠಾಣ್ಯದ ಉಸ್ತುವಾರಿ. ಅವನ ಜತೆಗಾರ ಶಿಯಾವ್ ಹೆ ಅದೇ ತಾಲ್ಲೂಕಿನ ಗುಮಾಸ್ತ. ಕ್ರಿ.ಪೂ. 206ರಲ್ಲಿ ಇವರ ಸೈನ್ಯ ಚಿನ್ ರಾಜಧಾನಿ ಶಿಯೆನ್‌ಯಾಂಗ್ ಹೊಕ್ಕಿತು. ದಳಪತಿಗಳೆಲ್ಲ ಚಿನ್ನ, ರೇಷ್ಮೆ ಇರುವ ಉಗ್ರಾಣಗಳಿಗೆ ಓಡಿದರು. ಶಿಯಾವ್ ಹೆ ಒಬ್ಬನೇ ಮಂತ್ರಿಯ ಕಚೇರಿಗೆ ಹೋಗಿ ಕಾನೂನಿನ ಕಟ್ಟುಗಳು, ನಕ್ಷೆಗಳು, ಮನೆಮನೆಯ ಜನಗಣತಿಯ ಪಟ್ಟಿಗಳನ್ನು ಎತ್ತಿಟ್ಟುಕೊಂಡ. ಸ್ವಲ್ಪ ದಿನಕ್ಕೆ ಇನ್ನೊಬ್ಬ ದಂಗೆಕೋರ, ಮಹಾಶೂರ ಶಿಯಾಂಗ್ ಯು, ಬಂದು ಆ ಊರನ್ನು ಸುಟ್ಟ. ಅರಮನೆ ಮೂರು ತಿಂಗಳು ಉರಿಯಿತಂತೆ. ಮುಂದೆ ನಾಲ್ಕು ವರ್ಷ ಅವನಿಗೂ ಲಿಯೂ ಬಾಂಗ್‌ಗೂ ಯುದ್ಧ. ಲಿಯೂ ಬಾಂಗ್ ಸೋತಾಗಲೆಲ್ಲ ಶಿಯಾವ್ ಹೆ ಹಿಂದಿನಿಂದ ಹೊಸ ಸೈನಿಕರನ್ನೂ ಧಾನ್ಯವನ್ನೂ ಕಳಿಸುತ್ತಲೇ ಇದ್ದ. ಯಾವ ಕಣಿವೆಯಲ್ಲಿ ಎಷ್ಟು ಮನೆ, ಯಾವ ಮನೆಯಲ್ಲಿ ಎಷ್ಟು ಗಂಡಸರು ಎಂಬುದು ಅವನ ಬಳಿಯಿದ್ದ ಚಿನ್ ಪಟ್ಟಿಯಲ್ಲಿ ಬರೆದಿತ್ತು. ಲಿಯೂ ಬಾಂಗ್ ಗೆದ್ದು ಹಾನ್ ಸಾಮ್ರಾಜ್ಯದ ಮೊದಲ ಚಕ್ರವರ್ತಿಯಾದ (ಏಳರಲ್ಲೊಂದಾಗಿದ್ದ ಹಾನ್ ಬೇರೆ, ಈ ಹಾನ್ ಬೇರೆ). ಯಾರ ಸಾಧನೆ ದೊಡ್ಡದು ಎಂದು ದಳಪತಿಗಳು ಒಂದು ವರ್ಷ ಜಗಳವಾಡಿದರು. ಚಕ್ರವರ್ತಿ ಎಲ್ಲರಿಗಿಂತ ಮೊದಲ ಸ್ಥಾನವನ್ನು ಒಂದು ದಿನವೂ ಕತ್ತಿ ಹಿಡಿಯದ ಆ ಗುಮಾಸ್ತನಿಗೆ ಕೊಟ್ಟ.